ಅದು ಹಾರಿತಾ ಅಪ್ಪಾ?

ಹೋದ ತಿಂಗಳು ಮಗಳಿಗೆ ಲಿಯೊನಾರ್ಡೊ ಡ ವಿಂಚಿಯ ಬಗ್ಗೆ ಒಂದು ಮಕ್ಕಳ ಪುಸ್ತಕ ತಂದುಕೊಟ್ಟೆ. ಅವಳು ಎರಡನೇ ಕ್ಲಾಸು. ಚಿತ್ರ ಬಿಡಿಸೋ ಹುಚ್ಚು, ಜೊತೆಗೆ ಮನೆಯ ಟಾರ್ಚು, ರಿಮೋಟು ಯಾವುದನ್ನೂ ಬಿಚ್ಚದೆ ಬಿಡುವವಳಲ್ಲ. ಇವಳಿಗೆ ಸರಿಯಾದ ಆಸಾಮಿ ಅಂದುಕೊಂಡಿದ್ದೆ. ಪುಸ್ತಕದ ಮೂರನೇ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ, ಹೆಲಿಕಾಪ್ಟರ್ ಕಂಡುಹಿಡಿದವನು ಲಿಯೊನಾರ್ಡೊ ಅಂತ ಬರೆದಿತ್ತು. ಪಕ್ಕದಲ್ಲಿ ತಿರುಪಿನ ಹಾಗೆ ಸುತ್ತಿದ ಬಟ್ಟೆಯ ಚಿತ್ರ. ಅವಳು ಅದನ್ನೇ ನೋಡಿ ನೋಡಿ "ಅದು ಹಾರಿತಾ ಅಪ್ಪಾ?" ಅಂದಳು.

ಇಲ್ಲ ಅಂದೆ.

"ಮತ್ತೆ ಕಂಡುಹಿಡಿದ ಅಂತ ಯಾಕೆ ಬರೆದಿದಾರೆ?"

ಆಫೀಸಿನ ಕೋಡ್ ರಿವ್ಯೂಗಳಲ್ಲೂ ಇಷ್ಟು ನೇರ ಪ್ರಶ್ನೆ ಬರೋದಿಲ್ಲ. ಪುಸ್ತಕ ಮುಚ್ಚಿಟ್ಟು, ನಾನೇ ಒಂದಷ್ಟು ಓದಿಕೊಂಡು ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಹೇಳೋಣ ಅಂತ ಹೊರಟೆ.

ಮೊದಲು ಹೆಸರು. ಡ ವಿಂಚಿ ಅಂದರೆ ವಿಂಚಿ ಊರಿನವನು ಅಂತಷ್ಟೇ. ನಮ್ಮ ಹೆಸರಿನ ಇನಿಶಿಯಲ್‌ನಲ್ಲಿ ಊರು ಕೂತಿರುತ್ತಲ್ಲ, ಹಾಗೆ. ಫ್ಲಾರೆನ್ಸ್ ನಗರದ ಪಶ್ಚಿಮಕ್ಕೆ ಆಲಿವ್ ತೋಟಗಳ ನಡುವಿನ ಸಣ್ಣ ಊರು ಅದು. 1452ರ ಏಪ್ರಿಲ್ 15ರ ರಾತ್ರಿ ಮೊಮ್ಮಗ ಹುಟ್ಟಿದ ಅಂತ ಅಜ್ಜ ಆಂಟೋನಿಯೊ ಬರೆದಿಟ್ಟದ್ದು ಇವತ್ತಿಗೂ ಉಳಿದಿದೆ. ಅಪ್ಪ ಪಿಯೆರೊ ದಸ್ತಾವೇಜು ಬರೆಯುವ ನೋಟರಿ. ಅಮ್ಮನ ಹೆಸರು ಕತೆರಿನಾ. ಇಬ್ಬರಿಗೂ ಮದುವೆಯಾಗಿರಲಿಲ್ಲ.

ಮಕ್ಕಳ ಪುಸ್ತಕಗಳು ಈ ಕೊನೆಯ ಮಾತನ್ನು ನುಂಗಿಬಿಡುತ್ತವೆ. ಆದರೆ ಅದನ್ನು ಬಿಟ್ಟರೆ ಮುಂದಿನದು ಯಾವುದೂ ಅರ್ಥ ಆಗೋದಿಲ್ಲ. ಹಾಗೆ ಹುಟ್ಟಿದ ಮಕ್ಕಳನ್ನು ನೋಟರಿಗಳ ಸಂಘ ಸೇರಿಸಿಕೊಳ್ಳುತ್ತಿರಲಿಲ್ಲ. ಅಪ್ಪನ ಕಸುಬಿನ ದಾರಿ ಮುಚ್ಚಿತ್ತು, ಹಾಗಾಗಿ ಆ ಕಸುಬಿಗೆ ಬೇಕಾದ ಲ್ಯಾಟಿನ್ ಪಾಠವೂ ಸಿಗಲಿಲ್ಲ. ಆ ಕಾಲದಲ್ಲಿ ವಿದ್ಯಾವಂತ ಅನ್ನಿಸಿಕೊಳ್ಳಬೇಕಾದರೆ ಲ್ಯಾಟಿನ್ ಬೇಕು. ಇವನು ತನ್ನನ್ನು ತಾನೇ ಅಕ್ಷರ ಬಾರದವನು ಅಂತ ಕರೆದುಕೊಂಡಿದ್ದಾನೆ. ನಲವತ್ತರ ಆಸುಪಾಸಿನಲ್ಲಿ, ಹೆಸರು ಮಾಡಿದ ಮೇಲೆ, ನೋಟ್‌ಬುಕ್ಕಿನಲ್ಲಿ ಲ್ಯಾಟಿನ್ ಕ್ರಿಯಾಪದಗಳನ್ನು ಶಾಲೆ ಹುಡುಗನ ಹಾಗೆ ಪಟ್ಟಿ ಮಾಡಿ ಕಲಿಯಲು ಕೂತಿದ್ದಾನೆ. ಕನ್ನಡ ಮೀಡಿಯಂನಿಂದ ಬಂದು ಬಿಇ ಮೊದಲ ವರ್ಷ ಹಾಸ್ಟೆಲ್ಲಿನಲ್ಲಿ ಗುಟ್ಟಾಗಿ ಇಂಗ್ಲಿಷ್ ಪದಗಳ ಪಟ್ಟಿ ಬರೆದುಕೊಳ್ಳುತ್ತಿದ್ದ ನನಗೆ ಈ ಮನುಷ್ಯ ಹತ್ತಿರದವನು ಅನ್ನಿಸಿದ್ದು ಇಲ್ಲಿ. ಮಗಳು ಮಾತ್ರ "ಅದರಲ್ಲಿ ಅವನ ತಪ್ಪೇನಿತ್ತು?" ಅಂದಳು. ಏನೂ ಇರಲಿಲ್ಲ ಅಂದೆ.

ಹದಿನಾಲ್ಕರ ಸುಮಾರಿಗೆ ಅವನನ್ನು ಫ್ಲಾರೆನ್ಸ್‌ನ ಆಂದ್ರೆಯಾ ದೆಲ್ ವೆರೊಕ್ಕಿಯೊ ಎಂಬುವನ ಕೈಕೆಳಗೆ ಕೆಲಸ ಕಲಿಯಲು ಬಿಟ್ಟರು. ಚಿತ್ರ ಬರೆಯೋನು ಯಂತ್ರ ಯಾಕೆ ಮಾಡಿದ ಅನ್ನೋ ಪ್ರಶ್ನೆಗೆ ಉತ್ತರ ಈ ಕಾರ್ಖಾನೆಯಲ್ಲಿದೆ. ಅಲ್ಲಿ ಚಿತ್ರವೂ ಆಗುತ್ತಿತ್ತು, ಕಂಚಿನ ಎರಕವೂ ಆಗುತ್ತಿತ್ತು, ಸಮಾಧಿಗಳ ಕಲ್ಲುಕೆತ್ತನೆಯೂ ಆಗುತ್ತಿತ್ತು. ಫ್ಲಾರೆನ್ಸ್‌ನ ದೊಡ್ಡ ಚರ್ಚಿನ ಗುಮ್ಮಟದ ನೆತ್ತಿಗೆ ತಾಮ್ರದ ಚೆಂಡು ಮಾಡಿ ಕೂರಿಸುವ ಕೆಲಸವೂ ಇವರಿಗೇ ಬಂತು. ಚೆಂಡು ಅಂದರೆ ಎರಡು ಟನ್ನಿನಷ್ಟು ಭಾರ, ಏರಿಸಬೇಕಾದ್ದು ನೂರು ಮೀಟರಿಗಿಂತ ಎತ್ತರಕ್ಕೆ. ತಾಮ್ರದ ತಗಡುಗಳನ್ನು ಬೆಸೆಯಬೇಕು, ಎತ್ತಬೇಕು, ಗಾಳಿಗೆ ಬೀಳದ ಹಾಗೆ ನಿಲ್ಲಿಸಬೇಕು. 1471ರಲ್ಲಿ ಅದು ಮೇಲೇರಿದಾಗ ಲಿಯೊನಾರ್ಡೊಗೆ ಹತ್ತೊಂಬತ್ತು. ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿಯ ಭಾರ ಎತ್ತುವ ಯಂತ್ರಗಳನ್ನು ಅವನು ನೋಡಿ ಬರೆದುಕೊಂಡ ಚಿತ್ರಗಳಿವೆ. ನಲವತ್ತಕ್ಕೂ ಹೆಚ್ಚು ವರ್ಷವಾದ ಮೇಲೂ ಆ ಚೆಂಡಿನ ಬೆಸುಗೆಯನ್ನು ನೆನಪಿಸಿಕೊಂಡು ಒಂದು ಸಾಲು ಗೀಚಿದ್ದಾನೆ.

ಊರಲ್ಲಿ ನಮ್ಮ ಮನೆಗೆ ಬರುತ್ತಿದ್ದ ಆಚಾರ್ರು ನೇಗಿಲನ್ನೂ ಮಾಡುತ್ತಿದ್ದರು, ತೇರಿನ ಗೊಂಬೆಯನ್ನೂ ಕೆತ್ತುತ್ತಿದ್ದರು. ನೀವು ಆರ್ಟಿಸ್ಟೋ ಎಂಜಿನಿಯರೋ ಅಂತ ಅವರನ್ನು ಯಾರೂ ಕೇಳಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತಗೊಂಡ ತಕ್ಷಣ ಡ್ರಾಯಿಂಗ್ ಪುಸ್ತಕ ಅಟ್ಟಕ್ಕೆ ಹಾಕಬೇಕು ಅನ್ನೋ ನಿಯಮ ಆಮೇಲೆ ಬಂದದ್ದು.

ಲಿಯೊನಾರ್ಡೊ ಎಡಚ. ಬಲದಿಂದ ಎಡಕ್ಕೆ, ಅಕ್ಷರಗಳನ್ನೂ ತಿರುಗಿಸಿ ಬರೆಯುತ್ತಿದ್ದ. ಗುಟ್ಟು ಮುಚ್ಚಿಡೋಕೆ ಹಾಗೆ ಮಾಡಿದ ಅನ್ನೋ ಕಥೆ ಕೇಳೋಕೆ ಚೆಂದ, ಆದರೆ ಕನ್ನಡಿ ಹಿಡಿದರೆ ಯಾರು ಬೇಕಾದರೂ ಓದಬಹುದಾದ ಗುಟ್ಟು ಎಂಥ ಗುಟ್ಟು? ಎಡಗೈಯಲ್ಲಿ ಎಡದಿಂದ ಬಲಕ್ಕೆ ಬರೆದರೆ ಒಣಗದ ಶಾಯಿಯ ಮೇಲೆ ಕೈ ಉಜ್ಜುತ್ತದೆ, ಅಷ್ಟೇ ಇರಬೇಕು. ಬೇರೆಯವರು ಓದಬೇಕಾದ ನಕ್ಷೆಗಳಲ್ಲಿ ಅವನು ನೆಟ್ಟಗೇ ಬರೆದಿದ್ದಾನೆ.

ನಾನೂ ಹುಟ್ಟು ಎಡಚ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆದು ಹೊಡೆದು ಬಲಗೈಗೆ ತಂದರು. ಕಲ್ಲು ಹೊಡೆಯೋದೊಂದು ಮಾತ್ರ ಎಡಗೈಯಲ್ಲೇ ಉಳೀತು. ಮಗಳೂ ನನ್ನ ಹಾಗೇ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು "ಈಗಲೇ ತಿದ್ದಬಾರದೇನೋ" ಅಂತಾರೆ. ಅವತ್ತು ರಾತ್ರಿ ಅವಳು ತನ್ನ ಹೆಸರನ್ನು ಉಲ್ಟಾ ಬರೆದು ಕನ್ನಡಿಗೆ ಹಿಡಿದಳು. ಒಂದು ಒತ್ತಕ್ಷರ ಬಿಟ್ಟರೆ ಎಲ್ಲ ಸರಿ ಇತ್ತು. ನಾನು ಬಲಗೈಯಲ್ಲಿ ಪ್ರಯತ್ನಪಟ್ಟೆ, ಆಗಲಿಲ್ಲ. ಪೆನ್ನನ್ನು ಎಡಗೈಗೆ ತಗೊಂಡೆ. ಮೂವತ್ತು ವರ್ಷ ಆಗಿರಬೇಕು ಆ ಕೈಯಲ್ಲಿ ಪೆನ್ನು ಹಿಡಿದು. ಡೊಂಕಾಗಿ ಒಂದು 'ಅ' ಬಂತು.

ಒಂದು ಚಿತ್ರವನ್ನು ಅವಳಿಗೆ ತೋರಿಸಬಾರದು ಅಂದುಕೊಂಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅವಳೇ ನೋಡಿಬಿಟ್ಟಳು: ಕುದುರೆ ಎಳೆಯುವ ರಥ, ಸುತ್ತ ತಿರುಗುವ ಕುಡುಗೋಲುಗಳು, ನೆಲದ ಮೇಲೆ ಕತ್ತರಿಸಿ ಬಿದ್ದ ಮನುಷ್ಯರು. ಸುಮಾರು 1482ರಲ್ಲಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಬರೆಸಿದ ಅರ್ಜಿಯಲ್ಲಿ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥ ಎಲ್ಲ ಸಾಲಾಗಿ ಬರುತ್ತವೆ. ಚಿತ್ರ ಬರೆಯಬಲ್ಲೆ ಅನ್ನೋದು ಕೊನೆಯಲ್ಲಿ. ಪಂಜರದ ಹಕ್ಕಿಗಳನ್ನು ದುಡ್ಡು ಕೊಟ್ಟು ಕೊಂಡು ಹಾರಿಬಿಡುತ್ತಿದ್ದ ಅಂತ ವಸಾರಿ ಬರೆದದ್ದೂ ಇದೇ ಮನುಷ್ಯನ ಬಗ್ಗೆ. ಯಾಕೆ ಹೀಗೆ ಮಾಡಿದ ಅಂತ ಮಗಳು ಕೇಳಿದಳು. ಸಂಬಳ ಬೇಕಿತ್ತು ಅಂದೆ. ನಾನು ಬರೆದ ಕೋಡ್ ಕೊನೆಗೆ ಯಾರ ಕೈ ಸೇರುತ್ತೆ ಅಂತ ನಾನೂ ಕೇಳಿದವನಲ್ಲ.

ಇನ್ನು ಹಾರುವ ವಿಷಯ. ಆ ತಿರುಪು 1480ರ ದಶಕದ ಕೊನೆಯದು. ಮನುಷ್ಯರು ಕೆಳಗೆ ನಿಂತು ತಳ್ಳಿ ತಿರುಗಿಸಬೇಕು. ಮನುಷ್ಯನ ತೋಳಿನ ಬಲಕ್ಕೆ ಅದು ಏಳೋದಿಲ್ಲ. ರೆಕ್ಕೆ ಬಡಿಯುವ ಯಂತ್ರಗಳದ್ದೂ ಅದೇ ಪಾಡು. ಆದರೆ 1505ರ ಹೊತ್ತಿಗೆ ಹಕ್ಕಿಗಳ ಹಾರಾಟದ ಮೇಲೇ ಒಂದು ಪುಟ್ಟ ಪುಸ್ತಕ ಬರೆದಾಗ ಅವನ ಕಣ್ಣು ಬೇರೆ ಕಡೆ ಹೋಗಿದೆ: ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವ ಹದ್ದುಗಳ ಕಡೆ. ಇಪ್ಪತ್ತು ವರ್ಷ ಒಂದೇ ಪ್ರಶ್ನೆಯ ಹಿಂದೆ ಬಿದ್ದು ದಾರಿ ಬದಲಿಸಿದ್ದಾನೆ. ನನಗಂತೂ ಹೆಲಿಕಾಪ್ಟರಿಗಿಂತ ಇದು ದೊಡ್ಡದು. ಮಗಳಿಗೆ ಸಮಾಧಾನ ಆದದ್ದು ಮಾತ್ರ ಪ್ಯಾರಾಚೂಟಿನಿಂದ. ಅವನು ಬರೆದಿಟ್ಟ ಪಿರಮಿಡ್ ಆಕಾರದ ಪ್ಯಾರಾಚೂಟನ್ನು ಹೊಲಿಸಿಕೊಂಡು ಬ್ರಿಟನ್ನಿನ ಏಡ್ರಿಯನ್ ನಿಕೊಲಸ್ 2000ದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಕಾಶದಿಂದ ಹಾರಿದ. ಅದು ಮೆತ್ತಗೆ ಇಳಿಯಿತು. ತುಂಬಾ ಭಾರ ಇದ್ದದ್ದರಿಂದ ನೆಲ ಹತ್ತಿರ ಬಂದಾಗ ಅದನ್ನು ಕಳಚಿ ಮಾಮೂಲಿ ಪ್ಯಾರಾಚೂಟಿನಲ್ಲಿ ಇಳಿದ, ಅಷ್ಟೇ.

ನನಗೆ ಬಹಳ ಇಷ್ಟವಾದದ್ದು ಹೃದಯದ ಪುಟಗಳು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬಾಯಲ್ಲಿ ಮೂರು ತೆಳ್ಳನೆ ಕವಾಟಗಳಿವೆ. ಅವು ಹೇಗೆ ಮುಚ್ಚುತ್ತವೆ? ಹೊಳೆಯ ಸುಳಿಗಳನ್ನು ವರ್ಷಗಟ್ಟಲೆ ನೋಡಿ ಬರೆದಿದ್ದ ಲಿಯೊನಾರ್ಡೊಗೆ, ರಕ್ತವೂ ಅಲ್ಲಿ ಸುಳಿ ಸುತ್ತಿ ಕವಾಟವನ್ನು ತಳ್ಳುತ್ತದೆ ಅನ್ನಿಸಿತು. ಎತ್ತಿನ ಹೃದಯಕ್ಕೆ ಮೇಣ ಹೊಯ್ದು, ಆ ಅಚ್ಚಿನಿಂದ ಗಾಜಿನ ಮಾದರಿ ಮಾಡಿ, ನೀರಿನ ಜೊತೆ ಹುಲ್ಲಿನ ಬೀಜ ಬಿಟ್ಟು ಸುಳಿ ನೋಡಬೇಕು ಅಂತ ಬರೆದಿಟ್ಟ. ರಕ್ತ ಮೈಯೆಲ್ಲ ಸುತ್ತಿ ಬರುತ್ತದೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ, ಅದನ್ನು ಹಾರ್ವೆ ಪ್ರಕಟಿಸಿದ್ದು 1628ರಲ್ಲಿ. ಆದರೂ ಸುಳಿಯ ವಿಷಯ ಸರಿಯಿತ್ತು. 1968ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಅಂಥದೇ ಮಾದರಿಯಲ್ಲಿ ನೀರು ಹರಿಸಿ ಅದನ್ನೇ ಕಂಡರು.

ನಡುವೆ ನಾಲ್ಕೂವರೆ ಶತಮಾನ ಆ ಪುಟಗಳಿಂದ ಯಾವ ವೈದ್ಯನಿಗೂ ಉಪಯೋಗ ಆಗಲಿಲ್ಲ. ಯಾಕೆಂದರೆ ಅವನು ಅಚ್ಚು ಹಾಕಿಸಲಿಲ್ಲ. ಅಚ್ಚಿನ ಯಂತ್ರ ಇತ್ತು, ಗೆಳೆಯರಿದ್ದರು, ಪುಸ್ತಕ ಮಾಡುವ ಯೋಜನೆಯೂ ಇತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಎಲ್ಲ ಕೋಡನ್ನೂ ಲೋಕಲ್ ಮಶೀನಿನಲ್ಲೇ ಇಟ್ಟುಕೊಂಡು ಒಂದು ರಿಲೀಸನ್ನೂ ಮಾಡಲಿಲ್ಲ. 1519ರ ಮೇ 2ರಂದು ಫ್ರಾನ್ಸಿನ ಆಂಬ್ವಾಸ್‌ನಲ್ಲಿ ತೀರಿಕೊಂಡಾಗ ನೋಟ್‌ಬುಕ್ಕುಗಳು ಶಿಷ್ಯ ಮೆಲ್ಜಿಗೆ ಬಂದವು. ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ. ಅವನ ನಂತರ ಮನೆಯವರಿಗೆ ಅದರ ಬೆಲೆ ತಿಳಿಯಲಿಲ್ಲ, ಚೆಲ್ಲಾಪಿಲ್ಲಿಯಾಯಿತು. ಶಿಲ್ಪಿ ಪೊಂಪೆಯೊ ಲಿಯೊನಿ ತನ್ನ ಕೈಗೆ ಸಿಕ್ಕ ಹಾಳೆಗಳನ್ನು ಕತ್ತರಿಸಿ ಅಂಟಿಸಿ ದೊಡ್ಡ ಸಂಪುಟ ಮಾಡಿದ. ಈಗ ಉಳಿದಿರುವುದು ಸುಮಾರು ಏಳು ಸಾವಿರ ಪುಟ. ಅದರಲ್ಲೊಂದು ನೋಟ್‌ಬುಕ್ಕನ್ನು 1994ರಲ್ಲಿ ಬಿಲ್ ಗೇಟ್ಸ್ ಮೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು.

ಮೊನಾಲಿಸಾ ಬಗ್ಗೆ ನಾನು ಹೇಳಲೇ ಇಲ್ಲ. ಅದನ್ನು ಹೇಳೋರು ಬೇಕಾದಷ್ಟು ಜನ ಇದ್ದಾರೆ.

ಕೊನೆಯ ದಿನ ಅವನು ಮಾಡಬೇಕಾದ ಕೆಲಸಗಳ ಟಿಪ್ಪಣಿಯಲ್ಲಿ ಒಂದನ್ನು ಹೇಳಿದೆ: ಮರಕುಟಿಗದ ನಾಲಿಗೆಯನ್ನು ವರ್ಣಿಸಬೇಕು ಅಂತ ಬರೆದುಕೊಂಡಿದ್ದ. ಆ ನಾಲಿಗೆಯ ಬುಡ ತಲೆಬುರುಡೆಯ ಹಿಂದಿನಿಂದ ಸುತ್ತಿ ಬಂದಿರುತ್ತದೆ ಅಂದಾಗ ಮಗಳು ನಂಬಲಿಲ್ಲ. ತನ್ನ ತಲೆಯ ಹಿಂಭಾಗ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಫೋನ್ ತಗೊಂಡು ಊರಿಗೆ ಹಚ್ಚಿದಳು.

"ಅಜ್ಜಾ, ನಮ್ಮ ತೋಟದಲ್ಲಿ ಮರಕುಟಿಗ ಇದ್ಯಲ್ಲ, ಅದು ನಾಲಿಗೆ ಹೊರಗೆ ಹಾಕಿದ್ದನ್ನ ಯಾವತ್ತಾದ್ರೂ ನೋಡಿದ್ಯಾ?"

ಆ ಕಡೆಯಿಂದ ಅಪ್ಪ, "ಇಲ್ಲ ಮಗಾ, ತಡಿ, ನಾಳೆ ಬೆಳಿಗ್ಗೆ ನೋಡ್ತೀನಿ" ಅಂದದ್ದು ನನಗೂ ಕೇಳಿಸಿತು.