ಈಡು ತಪ್ಪಿದುದೇಕೆ?

ಡೊಂಬಿವಲಿ, ಕಲ್ಯಾಣಗಳ ಮಳೆಗಾಲವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಬೆಂಕಿಪೊಟ್ಟಣದ ಕಷ್ಟವನ್ನು ಬಣ್ಣಿಸಬೇಕಾಗಿಲ್ಲ. ಆಷಾಢದಲ್ಲಿ ದೇವರ ದೀಪ ಹಚ್ಚಹೊರಟರೆ ನಾಲ್ಕು ಕಡ್ಡಿ ಗೀರಿದರೂ ಒಂದು ಹತ್ತದು. ಮಲೆನಾಡು, ಕೊಡಗುಗಳಿಂದ ಬಂದು ಇಲ್ಲಿ ನೆಲೆಸಿದ ನಮಗೆ ಆಗ ಅಜ್ಜಂದಿರ ಕೋವಿಯ ನೆನಪಾಗುತ್ತದೆ. ಜಿಂಕೆ ಎದುರಿಗೇ ನಿಂತಿದೆ. ಕೋವಿಯ ಕುದುರೆ ಬಿದ್ದು ‘ಟಕ್’ ಎಂದಿತೇ ಹೊರತು ಈಡು ಹಾರಲಿಲ್ಲ. ಇಂಥ ಕತೆಯಿಲ್ಲದ ಮನೆ ನಮ್ಮ ಕಡೆ ವಿರಳ. ಯಾರೋ ಕೋವಿಗೆ ಕಟ್ಟುಮಾಡಿದ್ದಾರೆಂದು ಹಿರಿಯರು ಹೇಳುವುದಿತ್ತು. ಭೂತಕ್ಕೆ ಹರಕೆ ಹೊರುವುದೂ ಇತ್ತು. ಆದರೆ ಇತಿಹಾಸವನ್ನು ನೋಡಿದರೆ ದೋಷ ಬಹುಮಟ್ಟಿಗೆ ಕೋವಿಯಲ್ಲೇ ಇದ್ದಿತೆಂದು ತೋರುತ್ತದೆ.

ಬೇಟೆಯನ್ನು ನಮ್ಮವರು ಶಾಸ್ತ್ರವಾಗಿಯೇ ಕಂಡವರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಗೆ ಪ್ರತ್ಯೇಕ ಭಾಗವೇ ಇದೆ. (ಈ ಕಲ್ಯಾಣ ನಮ್ಮ ಲೋಕಲ್ ಗಾಡಿ ನಿಲ್ಲುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ.) ಪಳಗಿಸಿದ ಜಿಂಕೆಯನ್ನು ಮುಂದೆಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರ ಸೆಳೆಯುವ ಉಪಾಯವನ್ನೂ ಅರಸನು ಹೇಳಿದ್ದಾನೆ. ಹತ್ತಿರ ಸೆಳೆಯಲೇಬೇಕಿತ್ತು. ಹೆದೆಯ ಸದ್ದು ಅಂಬಿಗಿಂತ ಮೊದಲೇ ಜಿಂಕೆಯ ಕಿವಿಗೆ ಮುಟ್ಟುತ್ತದೆ. ದೂರ ಹೆಚ್ಚಿದಷ್ಟೂ ಅದಕ್ಕೆ ನೆಗೆಯಲು ಬಿಡುವು ಸಿಗುತ್ತದೆ.

ಕೋವಿ ಬಂದರೂ ಈ ತೊಡಕು ತಪ್ಪಲಿಲ್ಲ. ಟಿಪ್ಪುವಿನ ಕಾಲದಲ್ಲಿ (1782–1799) ಶ್ರೀರಂಗಪಟ್ಟಣದಲ್ಲೂ ಮಲೆನಾಡಿನ ನಗರದಲ್ಲೂ ತಯಾರಾಗುತ್ತಿದ್ದುದು ಚಕಮಕಿ ಕೋವಿ. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಬೇಕು. ಅದು ನಳಿಗೆಯ ಬದಿಯ ಪುಟ್ಟ ಬಟ್ಟಲಿನ ಮದ್ದಿಗೆ ತಗಲಿ, ಉರಿ ಸಣ್ಣ ರಂಧ್ರದಿಂದ ಒಳಹೋಗಿ, ಆಮೇಲೆ ಗುಂಡು ಹೊರಡಬೇಕು. ಕಲ್ಲು ಸವೆದಿದ್ದರೆ ಕಿಡಿಯಿಲ್ಲ. ರಂಧ್ರ ಕಟ್ಟಿದ್ದರೆ ಬಟ್ಟಲು ಭಗ್ಗೆಂದು ಉರಿದು ಅಲ್ಲಿಗೇ ಮುಗಿಯಿತು. ಎಲ್ಲ ಸರಿಯಿದ್ದರೂ ಆ ಮಿಂಚನ್ನು ಕಂಡು ಬೇಟೆ ಬೆದರುತ್ತಿತ್ತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೂ ಇದೇ ಕೊರಗು. ಬಟ್ಟಲು ಮಿಂಚುತ್ತಲೇ ಹಕ್ಕಿಗಳು ಹಾರಿಹೋಗುತ್ತಿದ್ದುವು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ಮದ್ದನ್ನು ಬಳಸುವ ಯುಕ್ತಿಗೆ ಆತ 1807ರಲ್ಲಿ ಹಕ್ಕುಪತ್ರ ಪಡೆದ. ನಮ್ಮ ಅಜ್ಜಂದಿರ ಕೇಪಿನ ಕೋವಿಯ ಮೂಲ ಆ ಪಾದ್ರಿಯ ಹಕ್ಕಿಬೇಟೆಯಲ್ಲಿದೆ!

ಆದರೆ ಕೇಪಿನ ಮೂಲ ಸ್ಕಾಟ್ಲೆಂಡಿನದಾದರೂ ಮಳೆ ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಸಿಯೆಂದು ನಾವು ಕರೆಯುವ ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಶುದ್ಧವಾದ ಪೆಟ್ಲುಪ್ಪು ನೀರನ್ನು ಅಷ್ಟಾಗಿ ಹೀರದು. ಮಣ್ಣಿನಿಂದ ತೆಗೆದು ಸರಿಯಾಗಿ ಸೋಸದೆ ಬಿಟ್ಟದ್ದರಲ್ಲಿ ಬೇರೆ ಉಪ್ಪುಗಳು ಬೆರೆತಿರುತ್ತವೆ. ತೇವವನ್ನು ಎಳೆಯುವುದು ಅವು. ಹಾರಿಸಿದ ಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟವೂ ಹಾಗೆಯೇ. ಬಿಸಿನೀರಿನಿಂದ ತೊಳೆದು ಎಣ್ಣೆ ಸವರದಿದ್ದರೆ ಕೇಪು ಕೂರುವ ಕೊಳವೆ ಕಟ್ಟುತ್ತದೆ. ಆಗ ಕೇಪು ಸಿಡಿದರೂ ಕಿಡಿ ಒಳಕ್ಕಿಳಿಯದು. ಗಜ ಹಾಕಿ ಕತ್ತವನ್ನು ಬಿಗಿಯಾಗಿ ಕೂರಿಸದಿದ್ದರೆ ಇಳಿಜಾರಿನಲ್ಲಿ ನಳಿಗೆ ತಗ್ಗಿಸಿದಾಗ ಗುಂಡು ಮುಂದಕ್ಕೆ ಜಾರುವುದು. ಇದರಿಂದ ಗುರಿ ಕೆಡುವುದಷ್ಟೇ ಅಲ್ಲ, ನಳಿಗೆಯೇ ಒಡೆದೀತು. ಮುಂದೆ ತೋಟಾ ಕೋವಿ ಬಂದಿತು, ಆದರೆ ಕಾಗದದ ತೋಟಾ ತೇವಕ್ಕೆ ಉಬ್ಬಿ ನಳಿಗೆಗೇ ಹೋಗುತ್ತಿರಲಿಲ್ಲ.

ಪೂರ್ತಿ ತಪ್ಪಿದ ಈಡು ಮೇಲು. ಅರೆಬೆಂದ ಮದ್ದಿನ ಗುಂಡು ತಗಲಿದ ಜಿಂಕೆ ಪೊದೆ ಹೊಕ್ಕು ಎರಡು ದಿನ ನರಳಿ ಸಾಯುತ್ತಿತ್ತು. ಬೇಟೆಯ ಕತೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಈ ವಿಷಯದಲ್ಲಿ ಕೊಡವರ ಪದ್ಧತಿ ನಮಗೆ ಬಹಳ ಮೆಚ್ಚು. 1861ರಲ್ಲಿ ಆಯುಧದ ಕಾನೂನಿನಿಂದ ವಿನಾಯಿತಿ ಪಡೆದ ಜನ ಅವರು. ಕಕ್ಕಡ ಮಾಸದ ನಾಟಿಯ ಕಾಲದಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿರಿಸಿ, ಸೆಪ್ಟೆಂಬರಿನ ಕೈಲ್‌ಪೊಳ್ದಿನಂದು ಹೊರತೆಗೆದು, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಬಳಿಕ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಮಳೆಗಾಲವೆಲ್ಲ ಮೂಲೆಯಲ್ಲಿದ್ದ ಕೋವಿಯ ಯೋಗ್ಯತೆ ಜಿಂಕೆಯ ಮುಂದಲ್ಲ, ಕಾಯಿಯ ಮುಂದೆಯೇ ಗೊತ್ತಾಗುತ್ತಿತ್ತಲ್ಲವೆ?

1972ರ ವನ್ಯಜೀವಿ ಕಾಯಿದೆಯ ಬಳಿಕ ಜಿಂಕೆಯ ಬೇಟೆ ಕ್ರಮೇಣ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ನಾವೀಗ ಮಕ್ಕಳನ್ನು ಕರೆದುಕೊಂಡು ಠಾಣೆಯ ಯೇವೂರು ಗುಡ್ಡಕ್ಕೆ ಹೋಗುತ್ತೇವೆ. ಅದೃಷ್ಟವಿದ್ದರೆ ಚುಕ್ಕೆ ಜಿಂಕೆ ಕಾಣುತ್ತದೆ. ಗಜ, ಕತ್ತ, ಕೇಪು, ಚರೆ ಎಂದರೆ ನವಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ನಮ್ಮ ಮುಖ ನೋಡುತ್ತಾರೆ. ಊರಿನಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಗಳು ಕೆಲವು ಮನೆಗಳಲ್ಲಿ ಇನ್ನೂ ಇವೆ. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುತ್ತಾರೆ. ತಂದವರು ನಳಿಗೆ ತೊಳೆಯುತ್ತಾರೋ ಇಲ್ಲವೋ, ಈ ಸಲ ರಜೆಗೆ ಹೋದಾಗ ಕೇಳಿ ಬರಬೇಕು.