ಹಣ ಮೊದಲು ಮರಳಿತು, ಮನುಷ್ಯ ಆಮೇಲೆ: ಫಿಲಿಪೈನ್ಸ್ ವಲಸಿಗರ ಚರಿತ್ರೆ

ದುಬೈ, ದಮ್ಮಾಮ್, ದೋಹಾ, ಯಾವ ವಿಮಾನ ನಿಲ್ದಾಣವಾದರೂ ಸರಿ, ರಜೆಗೆ ಊರಿಗೆ ಹೊರಟವರ ಸಾಲಿನಲ್ಲಿ ಎರಡು ಕಡೆಯ ಜನರನ್ನು ದೂರದಿಂದಲೇ ಗುರುತಿಸಬಹುದು. ಒಂದು ನಮ್ಮ ಕರಾವಳಿಯವರು. ಹಗ್ಗ ಬಿಗಿದು, ಹೆಸರು, ಊರು, ಫೋನ್ ನಂಬರ್ ದಪ್ಪ ಅಕ್ಷರದಲ್ಲಿ ಬರೆದ ರಟ್ಟಿನ ಪೆಟ್ಟಿಗೆ ಅವರ ಗುರುತು. ಇನ್ನೊಂದು ಫಿಲಿಪೈನ್ಸಿನವರು. ಅವರ ಬಳಿಯೂ ಅಂಥದ್ದೇ ಪೆಟ್ಟಿಗೆ. ಅವರಂತೂ ಅದಕ್ಕೆ ‘ಬಾಲಿಕ್‌ಬಾಯನ್ ಬಾಕ್ಸ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅವರ ಭಾಷೆಯಲ್ಲಿ ‘ಬಾಲಿಕ್’ ಎಂದರೆ ಮರಳುವುದು, ‘ಬಾಯನ್’ ಎಂದರೆ ಊರು, ನಾಡು. ನಾಡಿಗೆ ಮರಳುವವನೇ ಬಾಲಿಕ್‌ಬಾಯನ್.

ದುಡಿಯಲು ಹೊರದೇಶಕ್ಕೆ ಹೋದವನು ಒಂದು ದಿನ ಊರಿಗೆ ಬಂದು ನೆಲೆಸಿ, ಏನಾದರೊಂದು ವ್ಯಾಪಾರ ಮಾಡಿಕೊಂಡು, ಮಕ್ಕಳ ಕಣ್ಣೆದುರು ಬಾಳಬೇಕು ಎಂಬ ಆಸೆ ನಮ್ಮವರಿಗೆ ಮಾತ್ರ ಇರುವುದಲ್ಲ. ಈ ದಾರಿಯಲ್ಲಿ ನಮಗಿಂತ ಬಹಳ ಮೊದಲು ನಡೆದವರು ಫಿಲಿಪೈನ್ಸಿನ ಜನ. ಅವರ ನೂರು ವರ್ಷಗಳ ಚರಿತ್ರೆಯನ್ನು ತೆರೆದು ನೋಡಿದರೆ ನಮ್ಮ ಮನೆಗಳ ಕಥೆಯೇ ಕಾಣುತ್ತದೆ.

ಬರಿಗೈಯಲ್ಲಿ ಮರಳುವ ನಾಚಿಕೆ

1898ರಲ್ಲಿ ಸ್ಪೇನ್ ಕೈಯಿಂದ ಫಿಲಿಪೈನ್ಸ್ ಅಮೆರಿಕದ ವಶಕ್ಕೆ ಹೋಯಿತು. 1906ರ ಡಿಸೆಂಬರ್‌ನಲ್ಲಿ 15 ಮಂದಿ ಫಿಲಿಪಿನೋ ಕೂಲಿಗಳು ಹಡಗಿನಲ್ಲಿ ಹವಾಯಿ ದ್ವೀಪಕ್ಕೆ ಹೋಗಿ ಕಬ್ಬಿನ ತೋಟದಲ್ಲಿ ಕೆಲಸಕ್ಕೆ ಇಳಿದರು. ಅವರ ಹಿಂದೆ ಸಾವಿರಾರು ಜನ ಹೋದರು. ಕೆಲವರು ಮುಂದೆ ಕ್ಯಾಲಿಫೋರ್ನಿಯಾದ ಹೊಲಗಳಿಗೂ ಹೋದರು. ಹೆಚ್ಚಿನವರು ಮದುವೆಯಾಗದ ಯುವಕರು. ಮೂರು ವರ್ಷ ದುಡಿದು ಬಂದು ಜಮೀನು ಕೊಳ್ಳುತ್ತೇನೆ ಎಂದು ತಾಯಿಗೆ ಮಾತು ಕೊಟ್ಟು ಹೋದಂಥವರು.

1929ರ ನಂತರ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತ ಬಂತು. ನಮ್ಮ ಕೆಲಸ ಇವರು ಕಸಿಯುತ್ತಿದ್ದಾರೆ ಎಂಬ ಕೂಗೆದ್ದು, 1930ರ ಜನವರಿಯಲ್ಲಿ ವಾಟ್ಸನ್‌ವಿಲ್ ಎಂಬಲ್ಲಿ ಫಿಲಿಪಿನೋಗಳ ಮೇಲೆ ಗುಂಪು ದಾಳಿಗಳಾದವು. 1934ರ ಕಾನೂನಿನಿಂದ ಅವರ ವಲಸೆಗೆ ವರ್ಷಕ್ಕೆ 50 ಮಂದಿಯ ಮಿತಿ ಬಿತ್ತು. 1935ರಲ್ಲಿ ಅಮೆರಿಕ ಸರ್ಕಾರ ಇನ್ನೊಂದು ಕಾನೂನು ತಂದಿತು. ಊರಿಗೆ ಹೋಗುವುದಾದರೆ ಟಿಕೆಟ್ ಪುಕ್ಕಟೆ. ಆದರೆ ಹೋದವನು ಮತ್ತೆ ಬರಬೇಕಾದರೆ ಆ 50ರ ಮಿತಿಯೊಳಗೇ ಬರಬೇಕು. ಹೆಸರಿಗೆ ಉಪಕಾರ, ನಿಜದಲ್ಲಿ ಹೊರದಬ್ಬುವ ಉಪಾಯ.

ಆ ಟಿಕೆಟ್ ಪಡೆದು ಹೋದವರು ಸುಮಾರು 2,200 ಮಂದಿ ಮಾತ್ರ. ಕೆಲಸವಿಲ್ಲ, ಮರ್ಯಾದೆಯಿಲ್ಲ, ಆದರೂ ಹೆಚ್ಚಿನವರು ಯಾಕೆ ಹೋಗಲಿಲ್ಲ? ಹಿಂದಿರುಗುವ ಬಾಗಿಲು ಮುಚ್ಚುತ್ತದೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಬರಿಗೈಯಲ್ಲಿ ಊರಿಗೆ ಹೇಗೆ ಮುಖ ತೋರಿಸಲಿ ಎಂಬ ನಾಚಿಕೆ. ಹೀಗೆ ಉಳಿದವರಲ್ಲಿ ಎಷ್ಟೋ ಮಂದಿ ಸಂಸಾರವಿಲ್ಲದೆ ಮುದುಕರಾದರು. 1977ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಇಂಟರ್‌ನ್ಯಾಷನಲ್ ಹೋಟೆಲ್ ಎಂಬ ಹಳೆಯ ಕಟ್ಟಡದಿಂದ ಬಾಡಿಗೆದಾರರನ್ನು ಪೊಲೀಸರು ರಾತ್ರೋರಾತ್ರಿ ಹೊರಹಾಕಿದಾಗ ಬೀದಿಗೆ ಬಿದ್ದವರಲ್ಲಿ ಇಂಥ ವೃದ್ಧ ಫಿಲಿಪಿನೋಗಳು ಬಹಳ ಮಂದಿ ಇದ್ದರು. ಊರಿನಲ್ಲಿ ಅವರಿಗಾಗಿ ಕಾದ ತಾಯಂದಿರು ಅಷ್ಟರಲ್ಲಿ ಮಣ್ಣಾಗಿ ಹೋಗಿದ್ದರು.

ನಾಚಿಕೆಯು ಈಮಾನಿನ ಭಾಗವೆಂದು ನಾವು ಕಲಿತಿದ್ದೇವೆ. ಆದರೆ ಆ ಹಯಾ ಅಲ್ಲಾಹನ ಮುಂದಿನ ನಾಚಿಕೆ. ಪೆಟ್ಟಿಗೆ ತುಂಬಿಲ್ಲವೆಂದು ಮನೆಗೇ ಬಾರದಿರುವ ನಾಚಿಕೆ ಅದಲ್ಲ.

ಸರ್ಕಾರ ಕೇಳಿದ್ದು ಡಾಲರನ್ನು

1973ರಲ್ಲಿ ಎಣ್ಣೆಯ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಶುರುವಾಯಿತು. ನಮ್ಮ ಕರಾವಳಿಯವರು ಆ ಕಡೆ ಹೊರಟ ಕಾಲವೂ ಅದೇ. ಫಿಲಿಪೈನ್ಸ್‌ನಲ್ಲಿ ಆಗ ಮಾರ್ಕೋಸ್ ಆಡಳಿತ. ನಾಡಿನಲ್ಲಿ ನಿರುದ್ಯೋಗ, ಖಜಾನೆಯಲ್ಲಿ ವಿದೇಶಿ ಹಣದ ಕೊರತೆ. 1974ರಲ್ಲಿ ಹೊಸ ಕಾರ್ಮಿಕ ಸಂಹಿತೆ ತಂದು, ಜನರನ್ನು ಹೊರದೇಶಕ್ಕೆ ಕೆಲಸಕ್ಕೆ ಕಳಿಸುವುದನ್ನು ಸರ್ಕಾರವೇ ನೀತಿಯಾಗಿ ಮಾಡಿಕೊಂಡಿತು. 1975ರಲ್ಲಿ ಹೀಗೆ ಹೋದವರು ಸುಮಾರು 36 ಸಾವಿರ. 2019ರ ಹೊತ್ತಿಗೆ ಆ ಸಂಖ್ಯೆ ವರ್ಷಕ್ಕೆ 20 ಲಕ್ಷ ದಾಟಿತ್ತು.

‘ಬಾಲಿಕ್‌ಬಾಯನ್’ ಎಂಬ ಮಾತಿಗೆ ಸರ್ಕಾರಿ ಮೊಹರು ಬಿದ್ದದ್ದೂ ಆಗಲೇ. 1973ರಲ್ಲಿ ಆ ಹೆಸರಿನ ಯೋಜನೆ ಹುಟ್ಟಿತು. ಅಮೆರಿಕ ಮುಂತಾದ ಕಡೆ ನೆಲೆಸಿದ ಫಿಲಿಪಿನೋಗಳು ಊರು ನೋಡಲು ಬರಲಿ, ಅವರಿಗೆ ಟಿಕೆಟ್‌ನಲ್ಲಿ, ಸುಂಕದಲ್ಲಿ ರಿಯಾಯಿತಿ ಎಂದರು. ಆದರೆ ಕರೆದದ್ದು ಬಂದು ಖರ್ಚು ಮಾಡಿ ಹೋಗುವ ಅತಿಥಿಯನ್ನು, ಬಂದು ಉಳಿಯುವವನನ್ನಲ್ಲ.

1982ರ ಒಂದು ಆಜ್ಞೆ ಈ ಮನೋಭಾವವನ್ನು ಇನ್ನೂ ಸ್ಪಷ್ಟ ಮಾಡಿತು. ಹೊರದೇಶದಲ್ಲಿ ದುಡಿಯುವವರು ಸಂಪಾದನೆಯ ಅರ್ಧದಿಂದ ಶೇಕಡಾ 80ರವರೆಗೆ ಬ್ಯಾಂಕಿನ ಮೂಲಕ ಕಡ್ಡಾಯವಾಗಿ ಊರಿಗೆ ಕಳಿಸಬೇಕು, ಇಲ್ಲದಿದ್ದರೆ ಪಾಸ್‌ಪೋರ್ಟ್ ನವೀಕರಣವೇ ಆಗದು ಎಂದಿತು. ಹಾಂಕಾಂಗ್‌ನಲ್ಲಿ ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಒಟ್ಟಾಗಿ ಪ್ರತಿಭಟಿಸಿದರು. 1985ರಲ್ಲಿ ಆ ಶಿಕ್ಷೆಗಳನ್ನು ಸರ್ಕಾರ ಹಿಂತೆಗೆಯಿತು. 1988ರಲ್ಲಿ ಅಧ್ಯಕ್ಷೆ ಕೊರಜೋನ್ ಅಕ್ವಿನೋ ಅದೇ ಹಾಂಕಾಂಗ್‌ನಲ್ಲಿ ಇವರನ್ನು ಹೊಸ ವೀರರು ಎಂದು ಹೊಗಳಿದರು. ಹೊಗಳಿಕೆ ಸಿಕ್ಕಿತು. ಮರಳಿ ಬಂದರೆ ಏನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಸಿಗಲಿಲ್ಲ.

ಒಂದು ಚಿಕ್ಕ ಸಂಗತಿ ನಮ್ಮ ಮನಸ್ಸಿಗೆ ನಾಟಿದೆ. ಅಲ್ಲಿನ ಸರ್ಕಾರಿ ಕಾಗದಗಳಲ್ಲಿ ‘ಬಾಲಿಕ್ ಮಂಗಗಾವ’ ಎಂಬ ಪದವಿದೆ. ಅಕ್ಷರಶಃ ‘ಮರಳುವ ಕೆಲಸಗಾರ’. ಎಲ್ಲಿಗೆ ಮರಳುವವನು? ಮನೆಗೆ ಅಲ್ಲ. ರಜೆ ಮುಗಿಸಿ ಹೊರದೇಶದ ತನ್ನ ಧಣಿಯ ಬಳಿಗೆ ಮತ್ತೆ ಹೋಗುವವನಿಗೆ ಆ ಹೆಸರು! ನಮ್ಮ ಊರುಗಳಲ್ಲೂ ಗಲ್ಫ್‌ನಿಂದ ಬಂದವನಿಗೆ ಸಲಾಂ ಆದ ಮೇಲೆ ಕೇಳುವ ಮೊದಲ ಪ್ರಶ್ನೆ, “ಇನ್ನು ಯಾವಾಗ ಹೋಗುವುದು?” ಎಂದೇ ಅಲ್ಲವೇ?

ಬಾಗಿಲು ತಡವಾಗಿ ತೆರೆಯಿತು

1995ರ ಮಾರ್ಚ್‌ನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಗೆಲಸದ ಮಹಿಳೆಯನ್ನು ಕೊಲೆ ಆರೋಪದಲ್ಲಿ ಸಿಂಗಾಪುರದಲ್ಲಿ ಗಲ್ಲಿಗೇರಿಸಲಾಯಿತು. ಆಕೆ ನಿರಪರಾಧಿ, ನಮ್ಮ ಸರ್ಕಾರ ಆಕೆಯನ್ನು ಕಾಪಾಡಲಿಲ್ಲ ಎಂದು ಇಡೀ ಫಿಲಿಪೈನ್ಸ್ ಸಿಡಿದೆದ್ದಿತು. ಅದೇ ವರ್ಷ ಜೂನ್‌ನಲ್ಲಿ ವಲಸೆ ಕಾರ್ಮಿಕರ ಕಾಯ್ದೆ ಬಂತು. ಮರಳಿ ಬಂದವರನ್ನು ಊರಿನ ಬದುಕಿಗೆ ಸೇರಿಸಲು ಒಂದು ಕೇಂದ್ರ ಇರಬೇಕೆಂದು ಆ ಕಾಯ್ದೆ ಹೇಳಿತು.

ಬಂದು ನೆಲೆಸುವವರಿಗೆ ಒಂದೊಂದಾಗಿ ಅನುಕೂಲಗಳಾದವು. 1989ರ ಕಾನೂನಿನಂತೆ, ಬೇರೆ ದೇಶದ ಪೌರತ್ವ ಪಡೆದ ಮಾಜಿ ಫಿಲಿಪಿನೋ ವೀಸಾ ಇಲ್ಲದೆ ಬಂದು ಒಂದು ವರ್ಷ ಇರಬಹುದಿತ್ತು. ಅಲ್ಲಿ ಪರದೇಶದವರು ಜಮೀನು ಕೊಳ್ಳುವಂತಿಲ್ಲ. ಆದರೆ ಹುಟ್ಟಿನಿಂದಲೇ ಆ ನಾಡಿನ ಪ್ರಜೆಗಳಾಗಿದ್ದು ನಂತರ ಪೌರತ್ವ ಕಳೆದುಕೊಂಡವರು ವ್ಯಾಪಾರಕ್ಕಾಗಿ ಪಟ್ಟಣದಲ್ಲಿ 5,000 ಚದರ ಮೀಟರ್ ಅಥವಾ ಹಳ್ಳಿಯಲ್ಲಿ 3 ಹೆಕ್ಟೇರ್‌ವರೆಗೆ ಕೊಳ್ಳಬಹುದು ಎಂದು 1996ರಲ್ಲಿ ಅವಕಾಶ ಕೊಟ್ಟರು. 2003ರಲ್ಲಿ ಅಂಥವರು ಹಳೆಯ ಪೌರತ್ವವನ್ನೇ ಮತ್ತೆ ಪಡೆಯುವ ಕಾನೂನು ಬಂತು. 2011ರಲ್ಲಿ ಮರಳಿದವರ ವ್ಯಾಪಾರಕ್ಕೆ 200 ಕೋಟಿ ಪೆಸೊ ಸಾಲದ ನಿಧಿ ಇಟ್ಟರು. 2021ರ ಕೊನೆಗೆ ವಲಸೆ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಇಲಾಖೆಯ ಕಾನೂನಾಯಿತು. 1974ರಲ್ಲಿ ಕಳಿಸಲು ತಯಾರಾದ ಸರ್ಕಾರ, ಮರಳುವವರನ್ನು ಬರಮಾಡಿಕೊಳ್ಳಲು ತಯಾರಾಗುವಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು.

ಅಷ್ಟರ ನಡುವೆ ಯಾರನ್ನೂ ಕೇಳದೆ ಬರುವ ಮರಳುವಿಕೆಯೂ ಇತ್ತು. 1990ರಲ್ಲಿ ಇರಾಕ್ ಕುವೈತನ್ನು ಹಿಡಿದಾಗ ಸಾವಿರಾರು ಫಿಲಿಪಿನೋಗಳು ಉಟ್ಟ ಬಟ್ಟೆಯಲ್ಲಿ ಊರು ಸೇರಿದರು. ಆಗ ಭಾರತವೂ ತನ್ನ 1,70,000ಕ್ಕೂ ಹೆಚ್ಚು ಜನರನ್ನು ವಿಮಾನಗಳಲ್ಲಿ ಕರೆತಂದಿತು. ಅವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ದರು. 2020ರ ಕೊರೋನಾ ವರ್ಷದಲ್ಲಿ ಫಿಲಿಪೈನ್ಸ್‌ಗೆ ಮರಳಿದವರು 3 ಲಕ್ಷಕ್ಕೂ ಹೆಚ್ಚು. ಮರಳುವ ದಿನವನ್ನು ನಾವೇ ಆರಿಸುತ್ತೇವೆ ಎಂಬ ಖಾತರಿ ಯಾರಿಗೂ ಇಲ್ಲ.

ಅಂಗಡಿ ಯಾಕೆ ಮುಚ್ಚುತ್ತದೆ?

ಅಲ್ಲಿನ ಓಣಿಓಣಿಗೂ ‘ಸಾರಿಸಾರಿ’ ಎಂಬ ಚಿಕ್ಕ ಅಂಗಡಿ ಇರುತ್ತದೆ. ಮನೆಯ ಕಿಟಕಿಯಲ್ಲೇ ವ್ಯಾಪಾರ. ಸಾಬೂನು, ಎಣ್ಣೆ, ಬಿಸ್ಕತ್ತು, ಶಾಂಪೂ ಪೊಟ್ಟಣ. ಮರಳಿ ಬಂದವರು ಮೊದಲು ಹಾಕುವುದು ಹೆಚ್ಚಾಗಿ ಇದನ್ನೇ, ಇಲ್ಲವೇ ಬಾಡಿಗೆಗೆ ಓಡಿಸುವ ಮೂರು ಚಕ್ರದ ಗಾಡಿ. ಆದರೆ ಪಕ್ಕದ ಮನೆಯಲ್ಲೂ ಅಂಥದ್ದೇ ಅಂಗಡಿ ಇರುತ್ತದೆ. ಕೊಳ್ಳುವವರು ನೆಂಟರಿಷ್ಟರು, ನೆರೆಹೊರೆಯವರು. ಹೊರದೇಶದಿಂದ ಬಂದವನ ಬಳಿ ಹಣವಿದೆ ಎಂದು ಎಲ್ಲರೂ ಸಾಲ ಹೇಳುತ್ತಾರೆ. ಕೇಳಿದರೆ ಸಂಬಂಧ ಕೆಡುತ್ತದೆ, ಕೇಳದಿದ್ದರೆ ಅಂಗಡಿ ಕೆಡುತ್ತದೆ. ಉಳಿತಾಯದ ದೊಡ್ಡ ಪಾಲು ಆಗಲೇ ಮನೆ ಕಟ್ಟಲು ಹೋಗಿರುತ್ತದೆ. ಕಪಾಟು ಖಾಲಿಯಾದ ದಿನ ಅವನು ಮತ್ತೆ ಪಾಸ್‌ಪೋರ್ಟ್ ಹುಡುಕುತ್ತಾನೆ.

ಇದನ್ನು ಓದುವಾಗ ನಮ್ಮ ಊರಿನ ಎಷ್ಟು ಮುಖಗಳು ಕಣ್ಣ ಮುಂದೆ ಬರುತ್ತವೆ! ಜುಮಾ ಮುಗಿದ ಮೇಲೆ ಮಸೀದಿಯ ಜಗಲಿಯಲ್ಲಿ ಕುಳಿತು ಇದೇ ಕಷ್ಟ ಹೇಳಿಕೊಂಡವರನ್ನು ನಾವು ಕಂಡಿದ್ದೇವೆ. ಸೂರಾ ಅಲ್ ಬಕರದ 282ನೇ ಆಯತ್, ಕುರ್‌ಆನ್‌ನ ಅತಿ ಉದ್ದದ ಆಯತ್. ಅದರ ವಿಷಯವೇ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿ ಇಡುವುದು. ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬೇಡಿ ಎಂಬ ತಾಕೀತು ಕೂಡ ಅಲ್ಲೇ ಇದೆ. ಅಣ್ಣತಮ್ಮಂದಿರ ನಡುವೆ ಬರವಣಿಗೆ ಯಾಕೆ ಎನ್ನುವವರು, ಆ ಆಜ್ಞೆ ಅಣ್ಣತಮ್ಮಂದಿರಿಗೂ ಬಂದದ್ದು ಎಂಬುದನ್ನು ಮರೆಯುತ್ತಾರೆ.

ಫಿಲಿಪಿನೋಗಳಲ್ಲಿ ಬೇರೆ ದಾರಿ ಹುಡುಕಿದವರೂ ಇದ್ದಾರೆ. 1990ರ ದಶಕದಲ್ಲಿ ಹಾಂಕಾಂಗ್‌ನ ಮನೆಗೆಲಸದ ಹೆಣ್ಣುಮಕ್ಕಳು ಗುಂಪುಗಳಾಗಿ ಸೇರಿ ತಿಂಗಳು ತಿಂಗಳು ಉಳಿಸತೊಡಗಿದರು. ಅವರ ಜೊತೆ ನಿಂತ ‘ಉನ್ಲಾಡ್ ಕಬಾಯನ್’ ಎಂಬ ಸಂಸ್ಥೆ ಆ ಉಳಿತಾಯವನ್ನು ಅವರ ಊರುಗಳ ಉದ್ಯಮಗಳಲ್ಲಿ ತೊಡಗಿಸಲು ನೆರವಾಯಿತು. ಅಂಥವುಗಳಲ್ಲಿ ಮಿಂದನಾವ್ ದ್ವೀಪದ ತೆಂಗಿನ ನಾರಿನ ಕೆಲಸವೂ ಒಂದು. ಇಲ್ಲಿ ಗಮನಿಸಬೇಕಾದ್ದು, ಮರಳುವ ಯೋಜನೆ ಮರಳಿದ ಮೇಲೆ ಆದದ್ದಲ್ಲ. ದುಡಿಯುತ್ತಿರುವಾಗಲೇ, ಒಬ್ಬೊಬ್ಬರಾಗಿ ಅಲ್ಲದೆ ಕೂಡಿ ಆದದ್ದು. ಲಾಭ ನಷ್ಟ ಹಂಚಿಕೊಳ್ಳುವ ಪಾಲುದಾರಿಕೆಯನ್ನು ನಮ್ಮ ಫಿಕ್ಹ್ ಗ್ರಂಥಗಳು ಮುಶಾರಕ, ಮುದಾರಬ ಎಂದು ಎಂದೋ ಬೋಧಿಸಿವೆ. ಬಡ್ಡಿಯ ಸಾಲಕ್ಕೆ ಕೈಚಾಚುವ ಮೊದಲು ಆ ದಾರಿಯನ್ನು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನೊಂದು ಮರಳುವಿಕೆ

ಫಿಲಿಪೈನ್ಸ್ ಎಂದರೆ ಕ್ರೈಸ್ತರ ನಾಡು ಎಂದಷ್ಟೇ ನಮ್ಮಲ್ಲಿ ಹಲವರಿಗೆ ಗೊತ್ತು. ಅಲ್ಲಿನ ದಕ್ಷಿಣದ ಸಿಮುನುಲ್ ದ್ವೀಪದ ಮಸೀದಿಯನ್ನು ಶೇಖ್ ಕರೀಮುಲ್ ಮಖ್ದೂಮ್ 1380ರಲ್ಲಿ ಕಟ್ಟಿಸಿದರೆಂಬುದು ಪ್ರತೀತಿ. ಸುಲು, ಮಗಿಂದನಾವ್ ಎಂಬ ಸುಲ್ತಾನರ ಆಡಳಿತಗಳಿದ್ದವು. 1571ರಲ್ಲಿ ಸ್ಪೇನಿನವರು ಮನಿಲಾವನ್ನು ಹಿಡಿಯುವಾಗ ಅಲ್ಲಿ ಆಳುತ್ತಿದ್ದವರಲ್ಲಿ ರಾಜಾ ಸುಲೈಮಾನ್ ಒಬ್ಬರು.

ಗಲ್ಫ್‌ಗೆ ಹೋದ ಫಿಲಿಪಿನೋಗಳಲ್ಲಿ ಸಾವಿರಾರು ಮಂದಿ ಅಲ್ಲಿ ಇಸ್ಲಾಮನ್ನು ಸ್ವೀಕರಿಸಿದರು. ಅವರು ತಮ್ಮನ್ನು ಮತಾಂತರವಾದವರು ಎನ್ನುವುದಿಲ್ಲ, ‘ಬಾಲಿಕ್ ಇಸ್ಲಾಂ’ ಎನ್ನುತ್ತಾರೆ, ಇಸ್ಲಾಮಿಗೆ ಮರಳಿದವರು. ಅಂಥವರಿಗೆ ಊರಿಗೆ ಬರುವುದು ಎರಡು ಪಟ್ಟು ಕಷ್ಟ. ಕೆಲಸವನ್ನೂ ಹುಡುಕಬೇಕು, ತಾಯಿ ತಂದೆಯ ಮನಸ್ಸನ್ನೂ ಮತ್ತೆ ಗೆಲ್ಲಬೇಕು. ಆ ಮನೆಗಳಲ್ಲಿ ವಾದಕ್ಕಿಂತ ಮಗನ ನಡತೆಯೇ ಹೆಚ್ಚು ಮಾತನಾಡುತ್ತದೆ. ಗಲ್ಫ್‌ನಲ್ಲಿ ಅದೇ ಕ್ಯಾಂಪಿನಲ್ಲಿ, ಅದೇ ಆಸ್ಪತ್ರೆಯಲ್ಲಿ ದುಡಿಯುವ ನಮ್ಮವರ ನಡತೆ ಅವರ ಕಣ್ಣಿಗೆ ಹೇಗೆ ಕಂಡಿತು ಎಂಬುದೂ ನಾಳೆ ನಮ್ಮ ಲೆಕ್ಕದಲ್ಲಿ ಬರುವ ವಿಷಯ.

ನಮಗಿರುವ ಕೆಲಸ

ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾಕ್ಕೆ ಬಂದಾಗ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅವರು ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿ ಎಂದರು. ಬೆಣ್ಣೆ, ಗಿಣ್ಣಿನ ಚಿಕ್ಕ ವ್ಯಾಪಾರದಿಂದ ಶುರು ಮಾಡಿದರು. ಬಂದವನಿಗೆ ದುಡಿಯುವ ಛಲವಿತ್ತು, ಊರಿನವನಿಗೆ ಕೊಡುವ ಮನಸ್ಸಿತ್ತು. ಎರಡೂ ಇದ್ದದ್ದರಿಂದ ಅಲ್ಲಿ ಬರಕತ್ ಇಳಿಯಿತು.

2023ರಲ್ಲಿ ಫಿಲಿಪಿನೋಗಳು ಊರಿಗೆ ಕಳಿಸಿದ ಹಣ 3,300 ಕೋಟಿ ಡಾಲರ್ ದಾಟಿದೆ. ಆದರೆ ಕಳೆದ ಬಾಲ್ಯ, ಒಂಟಿಯಾಗಿ ಸವೆದ ಯೌವನ ಯಾವ ಬ್ಯಾಂಕಿನಿಂದಲೂ ಮರಳುವುದಿಲ್ಲ. ಪ್ರಯಾಣ ಯಾತನೆಯ ಒಂದು ಪಾಲು, ಕೆಲಸ ತೀರಿದವನು ಬೇಗ ಮನೆಯವರ ಬಳಿಗೆ ಮರಳಲಿ ಎಂಬುದು ಪ್ರವಾದಿ(ಸ)ಯವರ ಬೋಧನೆಯ ತಾತ್ಪರ್ಯ.

ಹೊರಡುವವನು ಯಾತಕ್ಕಾಗಿ, ಎಷ್ಟು ವರ್ಷ ಎಂದು ಮನೆಯವರೊಡನೆ ಕುಳಿತು ನಿಶ್ಚಯಿಸಿ ಹೊರಡಲಿ. ತನ್ನ ನಿಜ ಸಂಬಳವನ್ನು ಹೆಂಡತಿಯಿಂದ ಮುಚ್ಚಿಡದಿರಲಿ. ಬಂದ ಹಣ ಅಮಾನತ್ ಎಂದು ತಿಳಿದು ಮನೆಯವರು ಲೆಕ್ಕ ಇಡಲಿ. ಮದುವೆಯ ಆಡಂಬರಕ್ಕೆ, ಯಾರೂ ಮಲಗದ ಕೋಣೆಗಳಿಗೆ ಅದು ಹೋಗದಿರಲಿ. ಜಮಾಅತ್‌ನ ಹಿರಿಯರು, ಮರಳಿದವನಿಗೆ ಹಾರ ಹಾಕುವ ಬದಲು ಅವನ ಅಂಗಡಿಯಲ್ಲಿ ನಗದು ಕೊಟ್ಟು ಸಾಮಾನು ಕೊಳ್ಳಲಿ. ಮತ್ತು ಖಾಲಿ ಪೆಟ್ಟಿಗೆಯೊಡನೆ ಬಂದವನಿಗೆ ಆ ಮೊದಲ ಪ್ರಶ್ನೆಯನ್ನು ಕೇಳುವುದನ್ನು ನಾವೆಲ್ಲರೂ ನಿಲ್ಲಿಸೋಣ. ‘ಬಂದೆಯಲ್ಲ, ಅಲ್‌ಹಮ್ದುಲಿಲ್ಲಾಹ್’ ಎಂದರೆ ಸಾಕು.

ದೂರ ದೇಶಗಳಲ್ಲಿ ದುಡಿಯುತ್ತಿರುವ ನಮ್ಮ ಎಲ್ಲ ಸಹೋದರ ಸಹೋದರಿಯರನ್ನು ಅಲ್ಲಾಹನು ಈಮಾನ್ ಮತ್ತು ಆರೋಗ್ಯದೊಡನೆ ಅವರ ಮನೆಗಳಿಗೆ ಮರಳಿಸಲಿ, ಅವರ ರಿಝ್ಕ್‌ನಲ್ಲಿ ಬರಕತ್ ನೀಡಲಿ. ಆಮೀನ್.