ಶ್ರವಣ ಸಾಧನ ಪಡೆದ ನಂತರ: ಫಲಾನುಭವಿಗಳು ಹಾಗೂ ಕುಟುಂಬದವರ ಗಮನಕ್ಕೆ

ಶ್ರವಣ ದೋಷವುಳ್ಳ ಅರ್ಹ ವ್ಯಕ್ತಿಗಳಿಗೆ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಡಿ 1981ರಿಂದ ಶ್ರವಣ ಸಾಧನಗಳನ್ನು ಒದಗಿಸಲಾಗುತ್ತಿದೆ. ಸಾಧನ ಕೈಸೇರಿದ ಮೊದಲ ದಿನಗಳಲ್ಲಿಯೇ "ಬರೀ ಗದ್ದಲ" ಎಂದು ಅದನ್ನು ಪೆಟ್ಟಿಗೆಯಲ್ಲಿರಿಸಿ ಮರೆಯುವವರೂ ಇದ್ದಾರೆ. ಯೋಜನೆಯ ನಿಯಮದಂತೆ ಅದೇ ಉದ್ದೇಶಕ್ಕೆ ಮತ್ತೊಮ್ಮೆ ನೆರವು ಪಡೆಯಲು ಸಾಮಾನ್ಯವಾಗಿ ಮೂರು ವರ್ಷ (12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ) ಕಾಯಬೇಕಾಗುತ್ತದೆ. ಆದ್ದರಿಂದ ಈ ಕೆಳಕಂಡ ಮಾಹಿತಿಯನ್ನು ಗಮನವಿಟ್ಟು ಓದಲು ಕೋರಲಾಗಿದೆ.

1. ಏನನ್ನು ನಿರೀಕ್ಷಿಸಬಹುದು?

ಕನ್ನಡಕ ಧರಿಸಿದ ಕೂಡಲೇ ಅಕ್ಷರ ಸ್ಪಷ್ಟವಾಗುವಂತೆ ಶ್ರವಣ ಸಾಧನ ಧರಿಸಿದ ಕೂಡಲೇ ಮಾತು ಸ್ಪಷ್ಟವಾಗುವುದಿಲ್ಲ. ಸಾಧನವು ಶಬ್ದವನ್ನು ವರ್ಧಿಸುತ್ತದೆಯೇ ಹೊರತು ಕಿವಿಯ ದೋಷವನ್ನು ನಿವಾರಿಸುವುದಿಲ್ಲ. ಬಹುಕಾಲ ಕೇಳದಿದ್ದ ಫ್ಯಾನಿನ ಸದ್ದು, ಪಾತ್ರೆಗಳ ಸದ್ದು, ಕಾಗದದ ಸರಪರ ಸದ್ದು ಒಮ್ಮೆಲೇ ಕೇಳತೊಡಗುತ್ತವೆ. ಸ್ವಂತ ಧ್ವನಿಯೂ ಕೊಡದೊಳಗಿನಿಂದ ಬಂದಂತೆ ಭಾಸವಾಗಬಹುದು. ಬೇಕಾದ ಶಬ್ದವನ್ನು ಬೇಡವಾದುದರಿಂದ ಬೇರ್ಪಡಿಸಲು ಮೆದುಳಿಗೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಅಭ್ಯಾಸ ಬೇಕಾಗುತ್ತದೆ.

2. ಅಭ್ಯಾಸದ ಹಂತಗಳು (ವಯಸ್ಕರಿಗೆ)

ಅ) ಮೊದಲ ಕೆಲವು ದಿನ ಶಾಂತವಾದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಧರಿಸಿ, ಒಬ್ಬರೊಡನೆ ಮಾತ್ರ ಮಾತನಾಡುವುದು. ಪತ್ರಿಕೆಯನ್ನು ಗಟ್ಟಿಯಾಗಿ ಓದಿದರೆ ಸ್ವಂತ ಧ್ವನಿ ರೂಢಿಯಾಗುತ್ತದೆ.
ಆ) ನಂತರ ಪ್ರತಿದಿನ ಅವಧಿಯನ್ನು ಹೆಚ್ಚಿಸುತ್ತಾ, ಇಬ್ಬರು ಮೂವರ ಮಾತುಕತೆ ಹಾಗೂ ದೂರದರ್ಶನ ವೀಕ್ಷಣೆಯಲ್ಲಿ ಬಳಸುವುದು.
ಇ) ಕೊನೆಯದಾಗಿ ಸಂತೆ, ಬಸ್ಸು, ಮದುವೆ ಮನೆಯಂತಹ ಗದ್ದಲದ ಸ್ಥಳಗಳಲ್ಲಿ ಬಳಸುವುದು.
ಈ) ಮುಂದೆ, ಸ್ನಾನ ಮತ್ತು ನಿದ್ರೆಯ ವೇಳೆ ಹೊರತುಪಡಿಸಿ ದಿನವಿಡೀ ಧರಿಸುವುದು.

ಮಕ್ಕಳ ವಿಷಯದಲ್ಲಿ ವಿಳಂಬ ಸಲ್ಲದು. ಮಗು ಮಾತು ಕಲಿಯುವುದು ಕೇಳುವುದರಿಂದಲೇ ಆದ ಕಾರಣ, ಎಚ್ಚರವಿರುವಷ್ಟು ಹೊತ್ತೂ ಸಾಧನ ಕಿವಿಯಲ್ಲಿರಬೇಕು. ಕಿವಿ ಬೆಳೆದಂತೆ ಅಚ್ಚನ್ನು (ಇಯರ್ ಮೋಲ್ಡ್) ಬದಲಾಯಿಸಬೇಕು.

3. ನಿರ್ವಹಣೆ

ಅ) ತಲೆಗೆ ಎಣ್ಣೆ ಹಚ್ಚುವ ಮುನ್ನ ಮತ್ತು ಸ್ನಾನಕ್ಕೆ ಮುನ್ನ ಸಾಧನವನ್ನು ತೆಗೆದಿಡಬೇಕು.
ಆ) ಅಚ್ಚನ್ನು ಸಾಧನದಿಂದ ಬೇರ್ಪಡಿಸಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ಣ ಒಣಗಿದ ನಂತರ ಜೋಡಿಸಬೇಕು. ಸಾಧನಕ್ಕೆ ನೀರು ತಾಗಿಸಬಾರದು.
ಇ) ರಾತ್ರಿ ಬ್ಯಾಟರಿಯ ಬಾಗಿಲನ್ನು ತೆರೆದಿಡಬೇಕು. ಮಳೆಗಾಲದಲ್ಲಿ ಹಾಗೂ ಕರಾವಳಿಯಲ್ಲಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿರಿಸುವುದು ಉತ್ತಮ.
ಈ) ಸಾಧನದಲ್ಲಿ ಜಿಂಕ್-ಏರ್ ಬ್ಯಾಟರಿ ಇದ್ದಲ್ಲಿ, ಅದರ ಚೀಟಿ ಕಿತ್ತ ಕೂಡಲೇ ಗಾಳಿ ತಾಗಿ ಕಾರ್ಯಾರಂಭವಾಗುತ್ತದೆ. ಚೀಟಿಯನ್ನು ಮರಳಿ ಅಂಟಿಸಿದರೂ ಉಳಿತಾಯವಾಗದು. ಅಗತ್ಯವಿದ್ದಾಗ ಮಾತ್ರ ಕೀಳಬೇಕು.
ಉ) ಬ್ಯಾಟರಿಗಳು ಮಕ್ಕಳ ಕೈಗೆ ಸಿಗದಂತಿರಲಿ. ನುಂಗಿದಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

4. ತೊಂದರೆ ಕಂಡುಬಂದಲ್ಲಿ

ಶಿಳ್ಳೆಯಂತಹ ಸದ್ದು ಬಂದರೆ ಅಚ್ಚು ಸರಿಯಾಗಿ ಕೂತಿಲ್ಲವೆಂದು, ಸಡಿಲವಾಗಿದೆಯೆಂದು ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆಯೆಂದು ತಿಳಿಯಬಹುದು. ಶಬ್ದವೇ ಬಾರದಿದ್ದರೆ ಮೊದಲು ಬ್ಯಾಟರಿಯನ್ನು, ನಂತರ ಅಚ್ಚಿನ ರಂಧ್ರವನ್ನು ಪರೀಕ್ಷಿಸಬೇಕು. ಶಬ್ದ ಅತಿಯಾಗಿ ಕರ್ಕಶವೆನಿಸಿದರೆ ಶ್ರವಣ ತಜ್ಞರು ಸಾಧನವನ್ನು ಮರುಹೊಂದಿಸಬಲ್ಲರು. ಕಿವಿ ನೋವು, ಗಾಯ ಅಥವಾ ಸೋರುವಿಕೆ ಇದ್ದಲ್ಲಿ ಬಳಕೆ ನಿಲ್ಲಿಸಿ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು.

5. ಕುಟುಂಬದವರಿಗೆ ಸೂಚನೆ

ಕೂಗಿ ಮಾತನಾಡಬಾರದು, ಕೂಗಿದರೆ ಮಾತು ವಿಕೃತವಾಗಿ ಕೇಳುತ್ತದೆ. ಹೆಸರು ಹಿಡಿದು ಕರೆದು, ಮುಖ ಕಾಣುವಂತೆ ಬೆಳಕಿನಲ್ಲಿ ನಿಂತು, ನಿಧಾನವಾಗಿ ಮಾತನಾಡಬೇಕು. ಅರ್ಥವಾಗದಿದ್ದಲ್ಲಿ ಅದೇ ವಿಷಯವನ್ನು ಬೇರೆ ಪದಗಳಲ್ಲಿ ಹೇಳಬೇಕು. "ಏನೂ ಇಲ್ಲ, ಬಿಡಿ" ಎಂಬ ಉತ್ತರವು ಅವರನ್ನು ಮಾತುಕತೆಯಿಂದಲೇ ದೂರವಿರಿಸುತ್ತದೆ.

6. ಸಂಪರ್ಕ

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಹಾಗೂ ಜಿಲ್ಲಾ ಮಟ್ಟದಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಗಳನ್ನು ಸಂಪರ್ಕಿಸಬಹುದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ತಪಾಸಣೆ ಹಾಗೂ ಸಲಹೆ ಲಭ್ಯವಿದೆ. ಭೇಟಿಯ ವೇಳೆ ಸಾಧನ, ಶ್ರವಣ ಪರೀಕ್ಷಾ ವರದಿ ಹಾಗೂ ವಿಶಿಷ್ಟ ಗುರುತಿನ ಚೀಟಿಯನ್ನು ತಪ್ಪದೇ ತರುವುದು. ಸಾಧನವನ್ನು ಬಳಸದೆ ಬದಿಗಿರಿಸುವ ಮುನ್ನ ಒಮ್ಮೆ ಶ್ರವಣ ತಜ್ಞರನ್ನು ಭೇಟಿಯಾಗಬೇಕೆಂದು ಫಲಾನುಭವಿಗಳಲ್ಲಿ ವಿನಂತಿಸಲಾಗಿದೆ.